ಹೆಸರು ಕೇಳದೆ ಬಡಿಸಿದ ಅರಸ

ಕಾಲೇಜಿನ ಚರ್ಚಾಕೂಟದಲ್ಲಿ ನಾನು ಗೆದ್ದ ವಾದವೊಂದು ಮುಂಬಯಿಯ ಘಾಟ್ಕೋಪರಿನ ಉಡುಪಿ ಹೋಟೆಲೊಂದರಲ್ಲಿ ಸೋತಿತು. ಪ್ರಾಚೀನ ಗ್ರೀಕ್ ಮಹಾಕಾವ್ಯವೊಂದರಲ್ಲಿ, ಕಡಲಪಾಲಾಗಿ ದಡ ಸೇರಿದ ಅಪರಿಚಿತನಿಗೆ ದ್ವೀಪದ ಅರಸನು ಹೆಸರು ಕೇಳದೆ ಊಟ ಬಡಿಸುತ್ತಾನೆ. ಹಡಗಿನಲ್ಲಿ ಊರಿಗೆ ತಲುಪಿಸುವ ಮಾತು ಕೊಡುತ್ತಾನೆ. ಅಂದೇ ಮಗಳನ್ನು ಕೊಡುವ ಆಸೆಯನ್ನೂ ಆಡಿಬಿಡುತ್ತಾನೆ. ಆದ್ದರಿಂದ ಅದು ಔದಾರ್ಯವಲ್ಲ, ಅಳಿಯನಿಗೆ ಹಾಕಿದ ಗಾಳ ಎಂದು ನಾನು ಸಾಧಿಸಿದ್ದೆ.

ಹೋಟೆಲಿಗೆ ಹೋದದ್ದು ಬೇರೆ ಕೆಲಸಕ್ಕೆ. ಅಲ್ಲಿನ ಕೆಲಸಗಾರರಿಗೆ ನಾನು ಓದುಬರಹ ಕಲಿಸುತ್ತಿದ್ದೆ. ಬಿಡುವು ಸಿಗದೆ ಒಬ್ಬೊಬ್ಬರೇ ತರಗತಿ ಬಿಡತೊಡಗಿದ್ದರು. ಮಧ್ಯಾಹ್ನದ ಗಿರಾಕಿಗಳು ಕರಗಿದ ಮೇಲೆ ವಾರಕ್ಕೆ ಒಂದೆರಡು ಗಂಟೆಯಾದರೂ ಸಿಗದಿದ್ದರೆ ತರಗತಿ ಮುಚ್ಚಬೇಕಿತ್ತು. ಮುಚ್ಚಬಾರದೆಂದು ನಿಶ್ಚಯಿಸಿಯೇ ಮಾಲೀಕರ ಮುಂದೆ ನಿಂತೆ.

"ಬನ್ನಿ ಮಾಸ್ಟ್ರೇ, ಮೊದಲು ಊಟ ಮಾಡಿ," ಎಂದರು ಅವರು.

"ಮೊದಲು ಮಾತು ಮುಗಿಸೋಣ ಅಣ್ಣ. ನಿಮ್ಮ ಅನ್ನ ಉಂಡ ಮೇಲೆ ನಿಷ್ಠುರವಾಗಿ ಮಾತಾಡೋಕೆ ಆಗಲ್ಲ."

ಗಲ್ಲಾದ ಬಳಿಯಿದ್ದ ಹಿರಿಯ ಅಡುಗೆಯವರು ನಕ್ಕರು. "ಸಾರಿಗೆ ಉಪ್ಪು ಹಾಕಿದ್ದು ಮಾರಾಯ್ರೇ, ವಿಷ ಅಲ್ಲ."

ಮಾಲೀಕರು ನಗಲಿಲ್ಲ. "ನೀವು ಉಲ್ಟಾ ತಿಳ್ಕೊಂಡಿದ್ದೀರಿ. ಊಟ ಮಾಡದವ್ರಿಗೆ ಆಗುದಿಲ್ಲ ಅಂತ ಹೇಳ್ಲಿಕ್ಕೆ ನಂಗೆ ಒಂದು ನಿಮಿಷ ಸಾಕು. ಇಲ್ಲಿ ಉಂಡವ್ರನ್ನು ಬರಿಗೈಲಿ ಕಳ್ಸುದು ಹೇಗೆ? ಅಪ್ಪನ ಕಾಲದಿಂದ್ಲೂ ಹಾಗೆ. ಊರಿಂದ ಯಾರು ಬಂದ್ರೂ ಕೈ ತೊಳೆದ ಮೇಲೆಯೇ ಯಾರ ಪೈಕಿ, ಎಂತ ಬೇಕು ಅಂತ ಕೇಳುದು. ಸಿಕ್ಕಿಬೀಳುದು ನಾನು, ನೀವಲ್ಲ."

ನನ್ನ ಮನಸ್ಸು ಕಾವ್ಯದ ಅರಸನತ್ತ ಹೊರಳಿತು. ಹೀಗೆ ಅಪರಿಚಿತರನ್ನು ದಾಟಿಸುತ್ತಿದ್ದರೆ ಒಂದು ದಿನ ಹಡಗು ಕಳೆದುಕೊಳ್ಳುವೆ ಎಂಬ ತಂದೆಯ ಕಾಲದ ಎಚ್ಚರಿಕೆ ಆ ಅರಸನಿಗೆ ನೆನಪಿತ್ತು. ಅತಿಥಿಗೆ ಹೆಂಡತಿಯಿದ್ದಾಳೆಂದು ತಿಳಿದ ಮೇಲೂ ಹಡಗು ಹೊರಟಿತು, ಮರಳುವಾಗ ಕಡಲ ದೇವರ ಕೋಪಕ್ಕೆ ಕಲ್ಲಾಯಿತು. ಅಳಿಯ ಬೇಕೆಂಬ ಆಸೆ ನಿಜವೇ, ಆದರೆ ಅರಸನನ್ನು ನಡೆಸಿದ್ದು ಆಸೆಯಲ್ಲ, ತಾನೇ ಬಡಿಸಿದ ಅನ್ನ. ಆ ಪುಟವನ್ನು ಚರ್ಚಾಕೂಟದಲ್ಲಿ ನಾನು ಬೇಕೆಂದೇ ಬಿಟ್ಟಿದ್ದೆ.

ಕೈ ತೊಳೆದು ಕುಳಿತೆ. ಮಜ್ಜಿಗೆ ಮುಗಿಯುವವರೆಗೂ ತರಗತಿಯ ಮಾತೆತ್ತಲಿಲ್ಲ. ಆಮೇಲೆ ವಾರಕ್ಕೆ ಎರಡು ಗಂಟೆ ಕೇಳಿದೆ.

"ಎರಡು ಗಂಟೆ ಜಾಸ್ತಿ ಆಯ್ತು ಮಾಸ್ಟ್ರೇ. ಪ್ರತಿ ಮಂಗಳವಾರ ಮೂರರಿಂದ ನಾಲ್ಕು, ಮೇಲಿನ ರೂಮಲ್ಲಿ. ಎಲ್ಲರನ್ನೂ ನಾನೇ ಕಳಿಸ್ತೇನೆ."

ತರಗತಿ ಉಳಿಯಿತು. ಉಳಿದ ಒಂದು ಗಂಟೆಗಾಗಿ ಮುಂದಿನ ತಿಂಗಳು ಮತ್ತೆ ಉಣ್ಣಲು ಬರುವೆನೆಂದು ಅಡುಗೆಯವರಿಗೆ ಹೇಳಿ ಹೊರಟೆ.