ನಮ್ಮ ಮನೆಯವರು ಹೊಡೆಯದ ಏಟು

ಸಂಜೆ ಆ ಸೀರಿಯಲ್ ಶುರುವಾದರೆ ನಾನು ಒಂದು ಕಡೆ ಕೂತವಳಲ್ಲ. ಒಲೆ ಹತ್ತಿರ ಹೋಗುತ್ತಿದ್ದೆ, ಬಾಗಿಲಿಗೆ ಬರುತ್ತಿದ್ದೆ, ಮಡಚಿಟ್ಟ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದೆ. ಒಳಗೆ ನಮ್ಮ ಮನೆಯವರು ಗೋಡೆಗೆ ಬೆನ್ನು ಕೊಟ್ಟು ರಾಜರ ಹಾಗೆ ಕೂತಿರುತ್ತಿದ್ದರು. ಸುತ್ತ ಓಣಿಯ ಹುಡುಗರು.

ಅದು ನಮ್ಮೂರಿನ ಹಳೆಯ ಗ್ಯಾಂಗುಗಳ ಕಥೆಯಂತೆ. ಊರಿನ ಹೆಸರು ಬದಲಿಸಿದ್ದಾರೆ, ಓಣಿಗಳ ಹೆಸರು ಬದಲಿಸಿದ್ದಾರೆ, ಆಡುವ ಮಾತು ಯಾವ ಸೀಮೆಯದೋ ದೇವರಿಗೇ ಗೊತ್ತು. ಆಗಾಗ ಹಿಂದೆ ಗುಮ್ಮಟ ಕಾಣುತ್ತದೆ, ಅಷ್ಟು ಮಾತ್ರ ನಮ್ಮದು. ನಾನೂ ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಒಬ್ಬರ ವ್ಯಾಪಾರವನ್ನೂ ಬದಲಿಸಿದ್ದೇನೆ. ಏಕೆಂಬುದು ಓದುತ್ತ ಹೋದರೆ ತಿಳಿಯುತ್ತದೆ.

ಸೀರಿಯಲ್ಲಿನಲ್ಲಿ ಎರಡು ಗ್ಯಾಂಗಿನವರು ಒಬ್ಬ ಹುಡುಗಿಯ ಸಲುವಾಗಿ, ಹಫ್ತಾ ಸಲುವಾಗಿ ಬಡಿದಾಡುತ್ತಾರೆ. ನಾಯಕ ಬಿಳಿ ಅಂಗಿ ಹಾಕಿಕೊಂಡು, ಮಚ್ಚು ಹಿಡಿದು, ಮಾರ್ಕೆಟ್ಟಿನ ನಡುವೆ ಒಬ್ಬನೇ ನಿಲ್ಲುತ್ತಾನೆ. ಎದುರಿನವನ ಮೊಣಕಾಲಿಗೆ ಒಂದೇ ಏಟು. ಆ ಏಟನ್ನು ಮೂರು ದಿಕ್ಕಿನಿಂದ ತೋರಿಸಿದರು. ಹುಡುಗರು ಸೀಟಿ ಹೊಡೆದರು.

"ಕಾಕಾ, ಇದು ನೀವ ಅಲ್ಲೇನ್ರೀ? ಎಲ್ಲಾರೂ ಹಂಗ ಅನ್ನಾಕತ್ತಾರ."

ನಮ್ಮ ಮನೆಯವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಮೀಸೆಯ ಮೇಲೆ ಕೈಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು.

ನಿಜ ಏನೆಂದರೆ, ಅಲ್ಲಿ ಹುಡುಗಿಯೂ ಇರಲಿಲ್ಲ, ಹಫ್ತಾ ಕೂಡ ಇರಲಿಲ್ಲ. ಇದ್ದದ್ದು ಮಣ್ಣು. ನಮ್ಮ ಓಣಿಯ ಹಳೆಯ ಗರಡಿಮನೆಯ ಕೆಂಪು ಮಣ್ಣು. ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ ಹಾಕಿ, ದಿನಾ ಸಲಿಕೆಯಿಂದ ತಿರುವಿ ತಿರುವಿ ವರ್ಷಗಟ್ಟಲೆ ಹದ ಮಾಡಿದ್ದು. ಹಿರಿಯರ ಜೊತೆ ಜಗಳವಾಡಿ ಬೇರೆಯಾದ ಹುಡುಗರು ಪಕ್ಕದ ಓಣಿಯಲ್ಲಿ ತಮ್ಮದೇ ಗರಡಿ ಕಟ್ಟಲು ಹೊರಟರು. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಹೊಸ ಗರಡಿಯ ಕಣಕ್ಕೆ ಹಳೆಯ ಗರಡಿಯ ನಾಲ್ಕು ಬುಟ್ಟಿ ಮಣ್ಣು ಬೀಳಲೇಬೇಕು ಎಂಬುದು ಪೈಲ್ವಾನರ ನಂಬಿಕೆ. ಹಿರಿಯರು ಕೊಡುವುದಿಲ್ಲ ಎಂದರು. ಇವರು ಕೇಳದೆ ಹೊತ್ತು ತಂದರು. ಅವರು ಇವರನ್ನು ಕಳ್ಳರು ಎಂದರು. ಅಲ್ಲಿಂದ ಮುಂದೆ ಒಂದು ವರ್ಷ ಆ ಓಣಿಯವರು ಈ ಓಣಿಗೆ ಕಾಲಿಡಲಿಲ್ಲ. ಪೊಲೀಸರು ಅದಕ್ಕೆ ಗ್ಯಾಂಗ್ ಎಂದು ಹೆಸರಿಟ್ಟರು, ಪೇಪರಿನವರೂ ಅದನ್ನೇ ಬರೆದರು, ಹುಡುಗರಿಗೆ ಆ ಹೆಸರು ಕೇಳಿ ಖುಷಿಯಾಯಿತು.

ನಮ್ಮ ಮನೆಯವರು ಮಣ್ಣು ಹೊತ್ತವರಲ್ಲಿ ಒಬ್ಬರು, ಸುಳ್ಳೇಕೆ ಹೇಳಲಿ. ಆದರೆ ಬಡಿದಾಟ ಜೋರಾಗುವ ಹೊತ್ತಿಗೆ ಇವರ ತಾಯಿ ಹೆದರಿ, ಮಗನನ್ನು ತಿಕೋಟಾಕ್ಕೆ ಕಳಿಸಿಬಿಟ್ಟಿದ್ದರು. ಅಲ್ಲಿ ನಮ್ಮ ಅಪ್ಪನ ದ್ರಾಕ್ಷಿ ಒಣಗಿಸುವ ಶೆಡ್ ಇತ್ತು. ನನಗಿನ್ನೂ ಮದುವೆಯಾಗಿರಲಿಲ್ಲ. ಊರಿಂದ ಬಂದ ಈ ಪೈಲ್ವಾನ ದ್ರಾಕ್ಷಿಯ ಗೊಂಚಲನ್ನು ಬಲೆಯ ಮೇಲೆ ಹರಡುವುದನ್ನು ನೋಡಿ ನಾವು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆವು. ಕುಸ್ತಿಗೆ ಹಿಡಿದವನ ಹಾಗೆ ಗೊಂಚಲು ಹಿಡಿಯುತ್ತಿದ್ದರು.

ಗಾಂಧಿ ಚೌಕದ ಹಿಂದಿನ ಸಂದಿಯಲ್ಲಿ ಆ ಮೊಣಕಾಲಿನ ಏಟು ನಿಜವಾಗಿ ಬಿದ್ದ ಸಂಜೆ ದೊಡ್ಡ ಧೂಳಿನ ಗಾಳಿ ಎದ್ದಿತ್ತು. ಊರಲ್ಲಿ ಕರೆಂಟು ಹೋಗಿತ್ತಂತೆ. ತಿಕೋಟಾದಲ್ಲಿ ನಮಗೆ ಮಳೆಯ ಭಯ. ಒಂದು ಹನಿ ಬಿದ್ದರೂ ಮನೂಕ, ಅಂದರೆ ಒಣದ್ರಾಕ್ಷಿ, ಕಪ್ಪಾಗಿ ಹಾಳಾಗುತ್ತದೆ. ಇವರು ಒಂದು ತುದಿ, ನಾನು ಒಂದು ತುದಿ ತಾಡಪತ್ರಿ ಹಿಡಿದು ಶೆಡ್ಡಿನ ಬದಿಗೆ ಕಟ್ಟುತ್ತಿದ್ದೆವು. ನನ್ನ ಗಂಡ ಆವತ್ತು ಎಲ್ಲಿದ್ದರು ಎಂದು ನನ್ನನ್ನು ಕೇಳಬೇಕು, ಸೀರಿಯಲ್ ಬರೆದವರನ್ನಲ್ಲ.

ಏಟು ಬಿದ್ದದ್ದು ಮಚ್ಚಿನದಲ್ಲ, ಮಣ್ಣು ತಿರುವುವ ಸಲಿಕೆಯದು. ತಿಂದವನು ಹಳೆಯ ಗರಡಿಯವನು, ಹೊಡೆದವನು ನಮ್ಮ ಮನೆಯವರ ಜೀವದ ಗೆಳೆಯ. ಕತ್ತಲೆ, ಧೂಳು, ಏಟು ತಿಂದವನೂ ಸೇರಿ ಯಾರೂ ಮುಖ ನೋಡಲಿಲ್ಲ. ಕೇಸು ಸಾಕ್ಷಿ ಇಲ್ಲದೆ ಬಿದ್ದುಹೋಯಿತು. ಊರಲ್ಲಿ ಕಾಣದವರು ನಮ್ಮ ಮನೆಯವರೊಬ್ಬರೇ ಆದ್ದರಿಂದ, ಹೊಡೆದು ಓಡಿಹೋದವರು ಇವರೇ ಎಂದು ಜನ ತಾವಾಗಿಯೇ ತೀರ್ಮಾನ ಮಾಡಿದರು. ಇವರು ಅದಕ್ಕೂ ಮೊದಲೇ ಊರು ಬಿಟ್ಟಿದ್ದರು ಎಂದು ಯಾರಿಗೂ ಹೊಳೆಯಲಿಲ್ಲ. ಹೊಡೆದವನು ಯಾರು ಎಂಬುದು ಆ ಗೆಳೆಯನಿಗೆ, ಇವರಿಗೆ, ನನಗೆ ಬಿಟ್ಟು ಬೇರೆಯವರಿಗೆ ಗೊತ್ತಿಲ್ಲ.

ಇಷ್ಟು ವರ್ಷ ಆ ಮಾತು ಸತ್ತುಬಿದ್ದಿತ್ತು. ಇವರು ಸ್ಟೇಷನ್ ರಸ್ತೆಯಲ್ಲಿ ಬೈಕಿನ ಸೀಟ್ ಕವರ್ ಹೊಲಿಯುತ್ತ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಯಾರ ತಂಟೆಗೂ ಹೋಗದೆ ಇದ್ದರು. ಸೀರಿಯಲ್ ಬಂತು ನೋಡಿ, ಕನ್ನಡಕ ಜೇಬಿಗೆ ಹೋಯಿತು. ಬಿಳಿ ಅಂಗಿ ಹೊಲಿಸಿದರು. ಆ ನಟ ನಡೆಯುವ ಹಾಗೆ ಭುಜ ತಿರುವುತ್ತ ನಡೆಯಲು ಹತ್ತಿದರು. ಐವತ್ತು ದಾಟಿದ ಮನುಷ್ಯ! ಅಂಗಡಿಯ ಮುಂದೆ ಹುಡುಗರು ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ನನಗೆ ಊಟ ಸೇರುತ್ತಿರಲಿಲ್ಲ. ಏಟು ತಿಂದವನಿಗೂ ಮನೆ ಇದೆ, ಅಣ್ಣ ತಮ್ಮಂದಿರಿದ್ದಾರೆ, ಅವರ ಮನೆಯಲ್ಲೂ ಟಿವಿ ಇದೆ. ಬಾಗಿಲ ಮುಂದೆ ಬೈಕು ನಿಂತರೆ ಕಿಟಕಿಯಿಂದ ಇಣುಕಿ ನೋಡುತ್ತಿದ್ದೆ.

"ನೋಡ್ರಿ, ಸಾಕು ಮಾಡ್ರಿ. ನಾ ಅಲ್ಲ ಅಂತ ಹೇಳಿಬಿಡ್ರಿ. ಆವತ್ತು ತಿಕೋಟಾದಾಗ ಇದ್ದೆ ಅನ್ರಿ" ಎಂದು ಬೆನ್ನು ಹತ್ತಿದೆ.

"ಮನೂಕ ಒಣಗಸಾಕತ್ತಿದ್ದೆ ಅಂತ ಹೇಳಲೇನು? ನಗ್ತಾರ."

"ನಗಲಿ. ನಕ್ಕರ ಯಾರೂ ಸಾಯಂಗಿಲ್ಲ."

ಒಂದು ವಾರ ಇದೇ ಜಗಳ. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ, ಊಟ ಮಾಡುತ್ತಿದ್ದವರು ಕೈ ನಿಲ್ಲಿಸಿ, "ಆತು ಬಿಡು, ಇವತ್ತ ಹುಡುಗ್ರು ಬಂದಾಗ ಹೇಳ್ತೇನಿ" ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಹುಡುಗರಿಗಿಂತ ಮೊದಲು, ಏಟು ಹೊಡೆದ ಆ ಗೆಳೆಯ ಬಂದ. ಅವನನ್ನು ನಿಂಬೆಹಣ್ಣಿನ ವ್ಯಾಪಾರಿ ಎಂದುಕೊಳ್ಳಿ. ಅವನು ಬಂದರೆ ಬಾಗಿಲಲ್ಲೇ ನನ್ನನ್ನು ಕಾಡಿಸಿ ಒಳಗೆ ಬರುವವನು. ಅಂದು ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಕೂತ. ತನ್ನ ಏಟಿನ ಹೆಸರನ್ನು ಇವರು ಹೊಡೆದುಕೊಂಡರೆಂದು ಸಿಟ್ಟಾಗಿದ್ದಾನೆ ಎಂದು ತಿಳಿದು, ನಾನೇ ಬಾಯಿ ಹಾಕಿದೆ.

"ಅಣ್ಣಾ, ತಪ್ಪು ತಿಳಕೋಬ್ಯಾಡ್ರಿ. ಇವರು ಇವತ್ತ ಖರೇ ಹೇಳವರದಾರ."

ಅವನು ಥಟ್ಟನೆ ಎದ್ದು ನಿಂತ.

"ಬ್ಯಾಡ್ರಿ ವೈನಿ! ಅದನ್ನ ಬ್ಯಾಡ ಅನ್ನಾಕ ಬಂದೇನಿ" ಎಂದವನು ಇವರ ಕಡೆ ತಿರುಗಿ ಕೈ ಹಿಡಿದುಕೊಂಡ. "ದೋಸ್ತಾ, ಆವತ್ತ ನನ್ನ ಕೈಲಿ ಏಟು ತಿಂದಾವ ನನ್ನ ಮಗಳ ಅತ್ತಿಯ ಸ್ವಂತ ಅಣ್ಣ. ಮದವಿ ಮಾಡೂಮುಂದ ನನಗ ಗೊತ್ತಿರಲಿಲ್ಲೋ. ಬಬಲೇಶ್ವರದವರು, ಒಳ್ಳೆ ಮಂದಿ, ಹೊಲ ಮನಿ ನೋಡಿ ಕೊಟ್ಟೆ. ಅಕ್ಕಿಕಾಳ ಬಿದ್ದು ಮದವಿ ಆದಮ್ಯಾಲ ಅಂವ ಕೋಲು ಊರ್ಕೊಂತ ಬಂದು ಹುಡುಗಿಗೆ ಆಶೀರ್ವಾದ ಮಾಡಿದ. ನಾ ಅಲ್ಲೇ ಕುಸದು ಕುಂತೆ."

ಅವನು ಕೈ ಬಿಡದೆ ಮುಂದುವರಿಸಿದ.

"ಈಗ ಅತ್ತಿ ದಿನಾ ಆ ಸೀರಿಯಲ್ ಹಚ್ಚಿ ಕುಂದರ್ತಾಳಂತ. ಹೊಡದಾವ ಸಿಗಲಿ, ಅವನ ಮನಿ ಹಾಳಾಗಲಿ ಅಂತ ಬೈತಾಳಂತ. ನನ್ನ ಮಗಳು ಪಕ್ಕದಾಗ ಕುಂತು ಹೂಂ ಅಂತಾಳ. ಅಕಿಗೂ ಗೊತ್ತಿಲ್ಲ. ನೀ ಅಲ್ಲ ಅಂದ್ರ, ಮತ್ತ ಯಾರು ಅಂತ ಹುಡುಕ್ತಾರ. ಬಸರಿ ಅದಾಳೋ ನನ್ನ ಮಗಳು."

ನಮ್ಮ ಮನೆಯವರು ಅವನ ಕೈ ತಟ್ಟಿ, "ಚಾ ಕುಡದು ಹೋಗು" ಎಂದರು, ಅಷ್ಟೇ. ಸಂಜೆ ಹುಡುಗರು ಬಂದರು. ಇವರು ಯಾವುದನ್ನೂ ಹೇಳಲಿಲ್ಲ. ಮೀಸೆ ಮುಟ್ಟಲಿಲ್ಲ. ಬಿಳಿ ಅಂಗಿಯನ್ನು ಮರುದಿನ ಟ್ರಂಕಿಗೆ ಹಾಕಿದರು. ಹೌದೋ ಅಲ್ಲವೋ ಎಂದು ಯಾರಾದರೂ ಕೇಳಿದರೆ ಹೂಂ ಎಂದು ಹೊಲಿಗೆ ಮಿಷನ್ ತುಳಿಯುತ್ತಿದ್ದರು. ಮೊದಲು ಆ ಹೆಸರು ಬೇಕಾಗಿತ್ತು, ಈಗ ಬೇಡ ಎಂದರೂ ಬಿಡುವಂತಿರಲಿಲ್ಲ. ನನಗೆ ಇವರ ಮೇಲೆ ಸಿಟ್ಟೂ ಬಂತು, ಪಾಪ ಎಂದೂ ಅನ್ನಿಸಿತು. ನೆಮ್ಮದಿ ಮಾತ್ರ ಬರಲಿಲ್ಲ.

ಮುಂದಿನ ವಾರ ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ವಯಸ್ಸು ಅರವತ್ತರ ಹತ್ತಿರ.

"ಬಬಲೇಶ್ವರದಿಂದ ಬಂದೇನ್ರಿ. ನಿಮ್ಮ ಮನಿಯವರನ್ನ ನೋಡಬೇಕಿತ್ತು."

ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ಇವರು ಎದ್ದು ನಿಂತರು. ನಾನು ನೀರು ತಂದಿಟ್ಟೆ. ಅವಳು ಮುಟ್ಟಲಿಲ್ಲ.

"ನಮ್ಮಣ್ಣ ಹ್ವಾದ ವರ್ಷ ತೀರಿಕೊಂಡ" ಎಂದಳು. ದನಿ ಏರಿಸಲಿಲ್ಲ. "ಕಾಲು ಮಡಚಾಕ ಬರ್ತಿರಲಿಲ್ಲ. ಎಲ್ಲಾರ ಕೂಡ ನೆಲದ ಮ್ಯಾಲ ಕುಂತು ಉಣ್ಣಲಿಲ್ಲ. ಮದವಿ ಮನಿಯಾಗ ಪಂಕ್ತಿ ಕುಂತ್ರ ಹೊರಗ ಹೋಗಿ ನಿಂದರ್ತಿದ್ದ. ಅವಗ ಹೊಡದಾವ ಹೆಂಗದಾನ ಅಂತ ಒಮ್ಮೆ ನೋಡಬೇಕು ಅನ್ನಿಸಿತ್ತು. ಅದು ನೀವ ಏನ್ರಿ?"

ಇವರು ನನ್ನ ಕಡೆ ನೋಡಿದರು. ನನ್ನ ನಾಲಿಗೆಯ ತುದಿಯಲ್ಲಿತ್ತು ಆ ಮಾತು: ಇಲ್ಲವ್ವಾ, ಆವತ್ತು ಇವರು ತಿಕೋಟಾದಲ್ಲಿ ನನ್ನ ಎದುರಿಗಿದ್ದರು. ಹಾಗಂದಿದ್ದರೆ ಮುಂದಿನ ಪ್ರಶ್ನೆ ಅವಳ ಸೊಸೆಯ ಅಪ್ಪನ ಮನೆಯ ಬಾಗಿಲಿಗೆ ಹೋಗುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡೆ.

"ಹೂಂ ರಿ, ನಾನ" ಎಂದರು ಇವರು. ಎರಡೂ ಕೈ ಮುಗಿದರು.

ಅವಳು ಶಾಪ ಹಾಕುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಒಂದು ಹೆಜ್ಜೆ ಮುಂದೆ ಬಂದು ಕೇಳಿದಳು.

"ಏಟು ಬಿದ್ದಾಗ ನಮ್ಮಣ್ಣ ಏನಂದಾ? ನಾವು ಎಷ್ಟು ಕೇಳಿದ್ರೂ ಅಂವ ಬಾಯಿ ಬಿಡಲಿಲ್ಲ. ಅದಷ್ಟು ಹೇಳ್ರಿ ನನಗ."

ಅಲ್ಲಿ ಇರದ ಮನುಷ್ಯ ಏನು ಹೇಳಬೇಕು? ಏನಾದರೂ ಕಟ್ಟಿ ಹೇಳುತ್ತಾರೆಂದು ಕಾದೆ. ಟಿವಿಯಲ್ಲಿ ಎಷ್ಟು ಉದ್ದ ಮಾತು ಆಡಿಸಿದ್ದರು! ಇವರಿಂದ ಆಗಲಿಲ್ಲ.

"ನೆನಪಿಲ್ರಿ."

"ನೆನಪಿಲ್ಲ" ಎಂದಳು ಅವಳು. ಆಮೇಲೆ ಇವರನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ಹೊಡದದ್ದು ಇರಲಿ ತಂಗಿ. ಅದನ್ನೂ ಮರತಾನಲ್ಲ. ಇಂಥಾವನ ಕೂಡ ಹೆಂಗ ಬಾಳೇ ಮಾಡ್ತೀ?"

"ಮಾಡಾಕತ್ತೇನ್ರಿ ಯಕ್ಕಾ" ಎಂದೆ.

ಅವಳು ಹೋದ ಮೇಲೆ ನನಗೆ ಅಳು ಒತ್ತರಿಸಿ ಬಂತು. ಮದುವೆಯಾದಾಗಿನಿಂದ ಆವತ್ತಿನಷ್ಟು ಆ ಮನುಷ್ಯನ ಮೇಲೆ ಹೆಮ್ಮೆ ಎಂದೂ ಬಂದಿರಲಿಲ್ಲ, ಅದನ್ನು ಹೇಳಿಕೊಳ್ಳಲು ಊರಲ್ಲಿ ಒಬ್ಬರೂ ಇರಲಿಲ್ಲ. ಇವರು ಅಂಗಿ ತೊಟ್ಟು ಚಪ್ಪಲಿ ಮೆಟ್ಟಿದರು.

"ಎಲ್ಲಿಗೆ ಹೊಂಟ್ರಿ?"

"ಚೌಕಕ್ಕ, ದೋಸ್ತನ ಅಂಗಡಿಗೆ. ಅಂವ ಬಿದ್ದಾಗ ಏನಂದಾ ಅಂತ ಕೇಳ್ಕೊಂಡು ಬರ್ತೇನಿ. ಆ ತಾಯಿ ಮತ್ತೊಮ್ಮೆ ಬಂದ್ರ ಹೇಳಬೇಕಲ್ಲ."

ಮಧ್ಯಾಹ್ನದ ಊಟ ಆರಿಹೋಗುವವರೆಗೂ ನಾನು ಒಳಗೂ ಹೊರಗೂ ತಿರುಗಾಡಿದೆ. ಬಂದರು. ಕಾಲು ತೊಳೆದುಕೊಳ್ಳದೆ ಹೊಸ್ತಿಲ ಮೇಲೆ ಕೂತರು.

"ಏನಂದಿದ್ನಂತ?" ಎಂದೆ.

"ಅವಗೂ ನೆನಪಿಲ್ಲಂತ."