ನಾಮೋ ಗವಿಯ ನೀರು

ಇದನ್ನು ಬರೆಯುತ್ತಿರುವವನು ನಾಮೋ ಊರಿನ ಗವಿಗೆ ಮೊದಲ ಸಲ ಹೋದಾಗ ಉಪ್ಪಿನಕಾಯಿ ಜಾಡಿಗಳಿಗೆ ನಮಸ್ಕಾರ ಹಾಕಿದ. ಅವನನ್ನು ಇಲ್ಲಿ ಚಿಕ್ಕ ಥಾನ್ ಎಂದು ಕರೆಯೋಣ. ನೀರು ಸರಬರಾಜು ಕಚೇರಿಯಲ್ಲೂ ಹಾಗೇ ಕರೆಯುತ್ತಾರೆ. ಅಲ್ಲಿ ದೊಡ್ಡ ಥಾನ್ ಎನ್ನುವವನು ಯಾರೂ ಇಲ್ಲ, ಆದರೂ ಇವನು ಚಿಕ್ಕವನೇ.

ಗವಿಯ ಬಾಯಿ ದಾಟಿದರೆ ಬಲಗಡೆ ಒಂದು ಕಲ್ಲಿನ ಜಗಲಿ. ಅದರ ಮೇಲೆ ಕಂದು ಬಣ್ಣದ ಜಾಡಿಗಳು ಸಾಲಾಗಿ ಕೂತಿದ್ದವು. ಆ ಬೆಟ್ಟಸೀಮೆಯ ಚುವಾಂಗ್ ಜನ ಸತ್ತವರನ್ನು ಹೂತು, ಕೆಲವು ವರ್ಷ ಕಳೆದ ಮೇಲೆ ಮೂಳೆಗಳನ್ನು ತೆಗೆದು, ಒರೆಸಿ, ಜಾಡಿಯಲ್ಲಿ ತುಂಬಿ ಗವಿಯಲ್ಲಿಡುತ್ತಾರೆ ಎಂದು ಥಾನನ ಅಜ್ಜಿ ಹೇಳಿದ್ದಳು. ಥಾನ್ ಕಾಗದದ ಮೇಲೆ ಅದೇ ಜನಾಂಗದವನು, ಬೆಳೆದದ್ದು ಮಾತ್ರ ಪಟ್ಟಣದ ನಾಲ್ಕನೇ ಮಹಡಿಯಲ್ಲಿ. ಕುಲದ ಮಾನ ಹೋಗಬಾರದೆಂದು ಹೆಲ್ಮೆಟ್ ತೆಗೆದು, ಮೂರು ಸಲ ಸೊಂಟ ಬಗ್ಗಿಸಿ, ಒಂದು ಸಿಗರೇಟು ಹೊತ್ತಿಸಿ ಜಾಡಿಗಳ ಮುಂದಿಟ್ಟ.

“ಎಡಗಡೆಯದಕ್ಕೆ ಇನ್ನೊಂದು ಸಲ ಬಗ್ಗಪ್ಪ,” ಎಂದಿತು ಹಿಂದಿನಿಂದ ಒಂದು ದನಿ. “ಅದಿನ್ನೂ ಹುಳಿ ಬಂದಿಲ್ಲ.”

ಹೆಗಲ ಮೇಲೆ ಅಡ್ಡೆ, ಅಡ್ಡೆಯ ಎರಡು ತುದಿಗೂ ಖಾಲಿ ಕೊಡ, ನಡುವೆ ಒಬ್ಬಳು ಗಿಡ್ಡ ಹೆಂಗಸು. ಮುಖದಲ್ಲಿ ನಗು ಇರಲಿಲ್ಲ.

“ಇವು... ಹಿರಿಯರದ್ದಲ್ವಾ?”

“ಕಳಲೆ. ಆ ಕೊನೇದರಲ್ಲಿ ಮೆಣಸಿನಕಾಯಿ. ಸಿಗರೇಟು ಅಲ್ಲಿಡಬೇಡ, ಹೊಗೆ ವಾಸನೆ ಹಿಡಿಯುತ್ತೆ. ಇಲ್ಲಿ ಕೊಡು.”

ಇಸಿದುಕೊಂಡು ಅವಳೇ ಸೇದಿದಳು. ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಗಿತ್ತು. ಅಲ್ಲಿಂದ ಮುಂದೆ ಥಾನ್ ಯಾರ ಮನೆಯಲ್ಲಿ ಉಣ್ಣಲು ಕೂತರೂ ಕಳಲೆ ಬಡಿಸುವ ಮೊದಲು “ನಮಸ್ಕಾರ ಮಾಡ್ಕೊಂಡ್ಯಾ?” ಎಂದು ಕೇಳುವುದು ವಾಡಿಕೆಯಾಯಿತು.

ಆ ಹೆಂಗಸಿನ ಹೆಸರು ಬಾನ್ ಸುಲಿಯೆನ್. ಮನೆಯ ಮೂರನೆಯ ಸೊಸೆಯಾದ್ದರಿಂದ ಊರಿನ ಕಿರಿಯರಿಗೆಲ್ಲ ಮೂರನೇ ಅತ್ತೆ. ಗವಿಯೇ ಅವಳ ಉಗ್ರಾಣ, ಅವಳ ನಲ್ಲಿ, ಬೇಸಿಗೆಯ ಮಧ್ಯಾಹ್ನಗಳಲ್ಲಿ ಮಲಗುವ ಕೋಣೆ. ವರ್ಷಕ್ಕೊಮ್ಮೆ ಒಳಗೆ ನುಗ್ಗಿ ನೀರಿನ ದಾರಿಯ ಹೂಳು ತೆಗೆಯಬೇಕು. ಅದು ಮನೆಗೊಬ್ಬ ಗಂಡಸಿನ ಪಾಲಿನ ಕೆಲಸ. ಅವಳ ಗಂಡನೋ ಕತ್ತಲೆಂದರೆ ಬೆವರುವ ಮನುಷ್ಯ. ಮದುವೆಯಾದ ವರ್ಷ ಅವನು ಹೊಟ್ಟೆನೋವೆಂದು ಗವಿಯ ಬಾಯಲ್ಲೇ ಕುಕ್ಕರಿಸಿದ. ಅವಳು ಅವನ ಕೈಯ ಗುದ್ದಲಿ ಕಿತ್ತುಕೊಂಡು ಗಂಡಸರ ಸಾಲಿನಲ್ಲಿ ಒಳಗೆ ಹೋದಳು. ಆ ಹೊಟ್ಟೆನೋವು ಇಂದಿಗೂ ವಾಸಿಯಾಗಿಲ್ಲ.

ಅವಳು ಹುಟ್ಟಿದ್ದು ನಾಮೋದಲ್ಲಲ್ಲ, ಗುಡ್ಡದ ಮೇಲಿನ ಪಾಲೇನಿನಲ್ಲಿ. ಅಲ್ಲಿ ಒಂದು ತೊರೆ ಊರಿನ ಅಂಚಿನವರೆಗೆ ಹರಿದು, ಬಂಡೆಗಳ ನಡುವಿನ ಹಳ್ಳದಂಥ ಬಿಲದಲ್ಲಿ ಬಿದ್ದು ಕಣ್ಮರೆಯಾಗುತ್ತದೆ. ಅದು ಎಲ್ಲಿ ಹೋಗುತ್ತದೆಂದು ಕಂಡವರಿಲ್ಲ. ಕಾಣದಿದ್ದರೂ ಪಾಲೇನಿನವರಿಗೆ ಅನುಮಾನವಿಲ್ಲ. “ನಾವು ಕಾಲು ತೊಳೆದರೆ ನಾಮೋದವರಿಗೆ ಚಹಾ” ಎಂಬುದು ಅವರ ಹಳೆಯ ಮಾತು. ಸುಲಿಯೆನ್ ಕೂಡ ಹುಡುಗಿಯಾಗಿದ್ದಾಗ ಓರಗೆಯವರೊಂದಿಗೆ ಬಿಲದ ಅಂಚಿಗೆ ನಿಂತು ಆ ಮಾತನ್ನು ಕೆಳಗೆ ಕೂಗಿದವಳೇ. ಕೂಗಿದ್ದಷ್ಟೇ ಅಲ್ಲ, ಕಾಲನ್ನೂ ತೊಳೆದಿದ್ದಳು.

ಆಮೇಲೆ ನಾಮೋಕ್ಕೆ ಸೊಸೆಯಾಗಿ ಬಂದಳು. ಮದುವೆಯ ಮರುದಿನ ಗವಿಯಿಂದ ಮೊದಲ ಅಡ್ಡೆ ನೀರು ಹೊತ್ತಳು. ಅವತ್ತೇ ಅವಳ ಪಕ್ಷ ಬದಲಾಯಿತು. ನಾಮೋದ ನೀರು ಪೂರ್ವದ ಡ್ರ್ಯಾಗನ್ ಗುಡ್ಡದಿಂದ ಬರುವುದು, ಪಾಲೇನಿನ ಬಿಲಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಸಾರತೊಡಗಿದಳು. ಸಾಕ್ಷಿ? “ಪಾಲೇನಿನ ನೀರಿಗೆ ಎಮ್ಮೆ ವಾಸನೆ. ನಮ್ಮದಕ್ಕಿದೆಯಾ? ಮೂಸಿ ನೋಡು.” ಸಂತೆಯಲ್ಲಿ, ಮದುವೆಯೂಟದಲ್ಲಿ, ತನ್ನ ತವರಿನ ಸಾವಿನ ಮನೆಯಲ್ಲಿ ಕೂಡ ಅವಳು ಈ ವಾದ ಮಾಡಿದ್ದಾಳೆ. ಕೊನೆಗೆ ಜನ ಸುಸ್ತಾಗಿ ಒಪ್ಪಿಕೊಂಡರು. ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವಳು ಅವಳ ಮಗಳು ಲಾನ್‌ಫೆನ್. ಅವಳನ್ನು ಪಾಲೇನಿಗೇ ಕೊಟ್ಟಿತ್ತು.

ಗವಿಯ ನೀರನ್ನು ಕೊಳವೆಯಲ್ಲಿ ಸುತ್ತಲಿನ ಹಳ್ಳಿಗಳಿಗೆ ಕೊಡುವ ಯೋಜನೆ ಬಂದದ್ದು ಹೀಗಿರುವಾಗ. ಎಂಜಿನಿಯರ್ ಮೆಂಗ್ ಎಂಬ ಚುರುಕು ಹೆಂಗಸು ಅದರ ಮುಖ್ಯಸ್ಥೆ. ನೀರು ಎಲ್ಲಿಂದ ಬರುತ್ತದೆಂದು ತಿಳಿಯದೆ ಒಂದು ಕೊಳವೆಯನ್ನೂ ಇಳಿಸುವುದಿಲ್ಲ ಎಂದಳು. ಪಾಲೇನಿನ ಬಿಲಕ್ಕೆ ಹಸಿರು ಬಣ್ಣ ಸುರಿಯುವುದು, ಯಾರಿಗೂ ಕೇಡು ಮಾಡದ ಬಣ್ಣ. ಅದು ನಾಮೋದ ಗವಿಯಲ್ಲಿ ಕಂಡರೆ ಬಿಲದ ಸುತ್ತ ಕೊಳಕೇನೂ ಇರಕೂಡದು. ಕಾಣದಿದ್ದರೆ ಪಾಲೇನಿನವರು ಏನು ಬೇಕಾದರೂ ಮಾಡಿಕೊಳ್ಳಲಿ. ನೀರಿನಲ್ಲಿ ಬಣ್ಣ ಪತ್ತೆಹಚ್ಚುವ ಯಂತ್ರವೊಂದು ಪೇಟೆಯಲ್ಲಿ ಸಿಗುತ್ತದೆ. ಕಚೇರಿಗೆ ಅದನ್ನು ಕೊಳ್ಳುವ ಶಕ್ತಿಯಿಲ್ಲ, ಆದ್ದರಿಂದ ಚಿಕ್ಕ ಥಾನನನ್ನು ಇಟ್ಟುಕೊಂಡಿತ್ತು.

ಬಿಲದ ಸುತ್ತ ಇದ್ದ ಕೊಳಕು ಒಂದೇ: ಲಾನ್‌ಫೆನ್‌ಳ ಹಂದಿ ಕೊಟ್ಟಿಗೆಗಳು. ಮೂರು ಸಾಲು, ಹೊಸ ತಗಡು. ಮೊನಚು ಬಂಡೆಗಳ ಆ ಊರಿನಲ್ಲಿ ಅವರ ಪಾಲಿಗಿದ್ದ ಸಮನೆಲ ಅಷ್ಟೇ.

ಬಣ್ಣ ಸುರಿಯುವ ದಿನ ಪಾಲೇನಿಗೆ ಪಾಲೇನೇ ಬಿಲದ ಅಂಚಿಗೆ ನೆರೆಯಿತು. ನಾಮೋದಿಂದ ಮೂರನೇ ಅತ್ತೆಯೂ ಗುಡ್ಡ ಹತ್ತಿ ಬಂದಿದ್ದಳು. ತೊರೆಯ ನೀರು ಹಸಿರಾಗಿ ಕತ್ತಲೊಳಗೆ ಧುಮುಕಿದಾಗ ಒಬ್ಬ ಮುದುಕ ಕೂಗಿದ, “ಸುಲಿಯೆನ್, ಇವತ್ತು ಚಹಾ ಕಡುವಾಗಿದೆ ಕಣೇ! ನಿಧಾನಕ್ಕೆ ಕುಡಿ!”

“ನಿನ್ನ ಹೆಂಡ್ತಿ ಕಾಯಿಸಿದ್ದಕ್ಕಿಂತ ಚೆನ್ನಾಗಿರುತ್ತೆ ಬಿಡೋ,” ಎಂದಳು ಅವಳು.

ಖಾಲಿ ಡಬ್ಬಗಳನ್ನು ಎತ್ತಿಕೊಳ್ಳುತ್ತಿದ್ದ ಥಾನನಿಗೆ ಕೊಟ್ಟಿಗೆಯ ಮಗ್ಗುಲಿನ ಮಾತು ಕೇಳಿಸಿತು.

“ಅಮ್ಮ, ನಿಮ್ಮಲ್ಲಿಗೆ ಬರಲ್ಲ ತಾನೆ?” ಲಾನ್‌ಫೆನ್ ಕೇಳುತ್ತಿದ್ದಳು.

“ಬರಲ್ಲ.”

“ನಮ್ಮ ಮಾವ ಇಲ್ಲಿ ಕಟ್ಟಬೇಡಿ ಅಂದಿದ್ರು, ಕೆಳಗೆ ನಿಮ್ಮಮ್ಮ ನೀರು ಕುಡೀತಾಳೆ ಅಂತ. ನಾನೇ ಹಟ ಹಿಡಿದೆ. ನಮ್ಮಮ್ಮಂದು ಡ್ರ್ಯಾಗನ್ ಗುಡ್ಡದ ನೀರು, ಊರಿಗೇ ಗೊತ್ತಿಲ್ವಾ ಅಂದೆ.”

“ಬರಲ್ಲ ಅಂದ್ನಲ್ಲ,” ಎಂದಳು ಸುಲಿಯೆನ್. ಹಂದಿಗಳ ಕಡೆ ಮಾತ್ರ ನೋಡಲಿಲ್ಲ.

ಗವಿಯ ಬಾಯಿಗೆ ಬರುವಷ್ಟರಲ್ಲಿ ಅಕ್ಕಪಕ್ಕದ ಸೋರುನೀರೆಲ್ಲ ಸೇರಿ ಬಣ್ಣ ತೆಳುವಾಗುತ್ತದೆ. ನೀರು ಮೊದಲು ಉಕ್ಕುವ ಜಾಗದಲ್ಲೇ ಕೂತು ಕಾಯಬೇಕೆಂದು ಮೆಂಗ್‌ಳ ಅಪ್ಪಣೆ. ಆ ಜಾಗಕ್ಕೆ ಥಾನನನ್ನು ಕರೆದೊಯ್ದವಳು ಮೂರನೇ ಅತ್ತೆ.

ಜಾಡಿಗಳ ಜಗಲಿ ದಾಟಿದರೆ ಸೂರು ತಗ್ಗುತ್ತದೆ. ಮೊದಲು ತಲೆ ಬಗ್ಗಬೇಕು, ಆಮೇಲೆ ಮಂಡಿ, ಆಮೇಲೆ ಮರ್ಯಾದೆ ಎಲ್ಲ ಬಿಟ್ಟು ಹೊಟ್ಟೆ. ತಣ್ಣನೆಯ ಕೆಸರಿನಲ್ಲಿ ಹಲ್ಲಿಯಂತೆ ತೆವಳಿದ ಮೇಲೆ ಒಂದು ಸಂದು. ಊರವರು ಅದನ್ನು ಜಮೀನ್ದಾರನ ಸಂದು ಎನ್ನುತ್ತಾರೆ. ದರೋಡೆಕೋರರ ಕಾಲದಲ್ಲಿ ಊರೆಲ್ಲ ಒಳಗೆ ಅಡಗಿದಾಗ ಜಮೀನ್ದಾರನೊಬ್ಬ ಮಾತ್ರ ಹೊಟ್ಟೆ ಹಿಡಿಸದೆ ಹೊರಗುಳಿದನಂತೆ. ಥಾನ್ ಪೂರ್ತಿ ಹೊರಗೂ ಉಳಿಯಲಿಲ್ಲ, ಒಳಗೂ ಹೋಗಲಿಲ್ಲ.

“ಉಸಿರು ಬಿಡು.”

“ಬಿಟ್ಟಿದೀನಿ ಅತ್ತೆ.”

“ಇನ್ನೂ ಬಿಡು. ಸರ್ಕಾರದ ಅನ್ನ ಎಷ್ಟು ತುಂಬ್ಕೊಂಡಿದೀಯೋ ಅಷ್ಟೂ ಬಿಡು.”

“ಅತ್ತೆ, ನಾನು ಇಲ್ಲೇ ಸತ್ತರೆ?”

“ಜಾಡಿಗೆ ಏನು ಬರ. ಕಳಲೆ ಖಾಲಿ ಮಾಡಿ ತುಂಬ್ತೀನಿ.”

ಕತ್ತುಪಟ್ಟಿ ಹಿಡಿದು ಎಳೆದಳು. ಅಂಗಿಯ ಎರಡು ಗುಂಡಿ ಸಂದಿಗೆ ಕಾಣಿಕೆಯಾಗಿ ಉಳಿದವು.

ಆಚೆಗೆ ಗವಿ ಒಮ್ಮೆಗೇ ಅಗಲವಾಯಿತು. ದೀಪದ ಬೆಳಕು ಸೂರಿಗೆ ಮುಟ್ಟಲಿಲ್ಲ. ನೆಲದಲ್ಲಿ ಸುಣ್ಣ ಕಟ್ಟಿ ಕಟ್ಟಿ ಮೆಟ್ಟಿಲು ಗದ್ದೆಗಳಂತೆ ಬದುಗಳೆದ್ದಿದ್ದವು, ಪ್ರತಿ ಗದ್ದೆಯಲ್ಲೂ ಅಂಗೈಯಷ್ಟು ನೀರು. ಗೋಡೆಯಲ್ಲಿ ಹಳೆಯ ದೇವದಾರು ಪಂಜುಗಳ ಮಸಿ. ಕೊನೆಯಲ್ಲಿ ಬಂಡೆಯ ಬುಡದಿಂದ ಸದ್ದಿಲ್ಲದೆ ನೀರು ಉಕ್ಕುವ ಒಂದು ದುಂಡನೆಯ ಮಡು, ಹಂಡೆ ಎಂದು ಅದರ ಹೆಸರು. ಕಣ್ಣಿಲ್ಲದ ಬಿಳಿಯ ಮೀನೊಂದು ದೀಪದ ಕೆಳಗೇ ಹಾಯ್ದುಹೋಯಿತು. ಬೆಳಕಿದ್ದರೂ ಇಲ್ಲದಿದ್ದರೂ ಅದಕ್ಕೆ ಒಂದೇ.

“ನೋಡಿದ್ಯಾ ಹೇಗೆ ತಿಳಿಯಾಗಿದೆ,” ಎಂದಳು ಮೂರನೇ ಅತ್ತೆ. “ಡ್ರ್ಯಾಗನ್ ಗುಡ್ಡದ್ದೇ.”

ಅಲ್ಲಿ ಕೂತು ಕಾಯುವುದು ಥಾನನ ಉದ್ಯೋಗ. ಆಗಾಗ ಬಾಟಲಿ ಮುಳುಗಿಸಿ, ದೀಪಕ್ಕೆ ಹಿಡಿದು ನೋಡಿ, ಬಣ್ಣವಿಲ್ಲವೆಂದು ಚೆಲ್ಲುವುದು. ಅವಳು ಬೆಳಗ್ಗೆ ಮೆಕ್ಕೆಜೋಳದ ಗಂಜಿ ತರುತ್ತಿದ್ದಳು, ಕೂರುತ್ತಿದ್ದಳು, ನೀರನ್ನು ಅವನಿಗಿಂತ ಹೆಚ್ಚು ಹೊತ್ತು ನೋಡುತ್ತಿದ್ದಳು. ಒಂದು ದಿನ, ಎರಡು ದಿನ, ನೀರು ನೀರಿನ ಬಣ್ಣದಲ್ಲೇ ಇತ್ತು. ಅವಳ ಮಾತು ಹೆಚ್ಚಾಯಿತು. ಕೊಳವೆ ಬಂದ ಮೇಲೆ ಆ ಮುದುಕನನ್ನು ಕರೆದು ಚಹಾ ಕುಡಿಸುತ್ತೇನೆ ಎಂದಳು.

ಮೂರನೆಯ ದಿನ ಬೆಳಗ್ಗೆ ಥಾನನ ಹೊಟ್ಟೆ ಕೆಟ್ಟಿತು. ಮನೆಮನೆಯಲ್ಲೂ ಮರ್ಯಾದೆಗೆಂದು ತಿಂದ ಕಳಲೆ ಒಟ್ಟಿಗೇ ತಿರುಗಿಬಿದ್ದಿತ್ತು. ಬಾಟಲಿಯನ್ನು ಅವಳ ಕೈಗಿಟ್ಟು ಓಡಿದ. ಜಮೀನ್ದಾರನ ಸಂದಿನಲ್ಲಿ ಈ ಸಲ ಸಿಕ್ಕಿಕೊಳ್ಳಲೇ ಇಲ್ಲ. ಗವಿಯ ಬಾಯಿಂದ ಬಿದಿರು ಮೆಳೆಯವರೆಗೆ ಅವನು ಹಾರಿಹೋದದ್ದನ್ನು ಹೊಲದಲ್ಲಿದ್ದವರೆಲ್ಲ ಕಂಡು ಲೊಚಗುಟ್ಟಿದರು.

ತಿರುಗಿ ಬಂದಾಗ ಒಳಗೆ ದೀಪವಿರಲಿಲ್ಲ.

“ಅತ್ತೆ?”

“ಇಲ್ಲೇ ಇದೀನಿ.”

“ದೀಪ ಯಾಕೆ ಆರಿಸಿದ್ರಿ?”

ಥಾನ್ ತನ್ನ ಹೆಲ್ಮೆಟ್ಟಿನ ದೀಪವನ್ನು ಅವಳ ಕಡೆ ತಿರುಗಿಸಿದ. ಮಡುವಿಗೆ ಬೆನ್ನು ಹಾಕಿ ಮಂಡಿ ಅಪ್ಪಿಕೊಂಡು ಕೂತಿದ್ದಳು. ಪಕ್ಕದಲ್ಲಿ ಬಾಟಲಿ, ಮುಚ್ಚಳ ಬಿಗಿಯಾಗಿ ಹಾಕಿತ್ತು. ಒಳಗಿನ ನೀರು ಎಳೆ ಸಸಿಮಡಿಯಂತೆ ಹಸಿರು. ಅವನು ಮಡುವಿನತ್ತ ತಿರುಗಿದ. ಅಲ್ಲಿ ಬಣ್ಣ ಆಗಲೇ ತೆಳುವಾಗುತ್ತಿತ್ತು, ಒಂದು ಅಂಚಿನಲ್ಲಿ ಮಾತ್ರ ಹಸಿರಿನ ಎಳೆ ಉಳಿದಿತ್ತು. ಇನ್ನೊಂದಿಷ್ಟು ಹೊತ್ತು ಮೆಳೆಯಲ್ಲೇ ಕೂತಿದ್ದರೆ ಥಾನನಿಗೆ ಏನೂ ಕಾಣುತ್ತಿರಲಿಲ್ಲ.

“ತಗೊಂಡು ಹೋಗಿ ನಿಮ್ಮ ಮೆಂಗ್‌ಗೆ ಕೊಡು,” ಎಂದಳು. “ಹುಷಾರು, ಬೀಳಿಸೀಯ.”

ಅವನಿಗಿಂತ ಮೊದಲು ತಾನೇ ಸಂದಿಗೆ ನುಗ್ಗಿದಳು.

ಸುದ್ದಿ ಗುಡ್ಡ ಹತ್ತಿತು. ಪಾಲೇನಿನವರು ಮೊದಲು ಪಟಾಕಿ ಹಚ್ಚಿದರು. ಕೊಟ್ಟಿಗೆ ಕೀಳಬೇಕೆಂಬ ಮಾತು ಹಿಂದಿನಿಂದ ಬಂದಾಗ ಸುಮ್ಮನಾದರು. ನಾಮೋದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅಜ್ಜ ಮುತ್ತಜ್ಜಂದಿರು ಏನೇನು ಕುಡಿದಿರಬಹುದೆಂದು ಲೆಕ್ಕ ಹಾಕಿ, ಅರ್ಧಕ್ಕೇ ನಿಲ್ಲಿಸಿದರು. ಮೂರನೇ ಅತ್ತೆಯ ಡ್ರ್ಯಾಗನ್ ಗುಡ್ಡದ ಬಗ್ಗೆ ಅವಳೆದುರು ಯಾರೂ ಕೇಳಲಿಲ್ಲ. ಬೆನ್ನ ಹಿಂದೆ ಬೇಕಾದಷ್ಟು ನಕ್ಕರು.

ಮಧ್ಯಾಹ್ನ ಲಾನ್‌ಫೆನ್ ಇಳಿದು ಬಂದಳು. ಸುಲಿಯೆನ್ ಅಂಗಳದಲ್ಲಿ ಕೂತು ಮೆಕ್ಕೆಜೋಳದ ತೆನೆ ಬಿಡಿಸುತ್ತಿದ್ದಳು. ಅವಳ ಗಂಡ ಮೂರನೇ ಮಾವ ಮಗಳ ಮುಖ ಕಂಡವನೇ ಹೊಟ್ಟೆ ಹಿಡಿದುಕೊಂಡು ಒಳಗೆ ಎದ್ದುಹೋದ. ಮೂಲೆಯಲ್ಲಿ ತೆಳ್ಳನೆಯ ಗಂಜಿ ಕುಡಿಯುತ್ತಿದ್ದ ಥಾನನಿಗೆ ಏಳುವ ಶಕ್ತಿಯಿರಲಿಲ್ಲ.

“ಕೂತ್ಕೊ,” ಎಂದಳು ತಾಯಿ.

“ಕೂರಕ್ಕೆ ಬಂದಿಲ್ಲ. ಗುಡ್ಡದ ಆಚೆ ಸಾಗಿಸ್ಬೇಕಂತೆ. ಆಚೆ ನಮಗೆ ಎಲ್ಲಿದೆ ನೆಲ? ಬಂಡೆ ಮೇಲೆ ಕಟ್ಲಾ ಹಂದೀನ? ನಿನ್ನ ಬಾಯಿ ಮಾತು ನಂಬಿ ಕಟ್ಟಿದ್ದು ನಾನು.”

“ನನ್ನದು ತಪ್ಪು ಮಾತು. ಹೇಳ್ಬಾರ್ದಿತ್ತು.”

“ಈಗ ಹೇಳು!” ಲಾನ್‌ಫೆನ್ ಥಾನನ ಕಡೆ ಬೆರಳು ತೋರಿಸಿದಳು. “ಈ ಮಹಾರಾಯ ಮೆಳೇಲಿ ಕೂತಿದ್ದು ಎರಡು ಊರಿಗೂ ಗೊತ್ತು. ಒಳಗಿದ್ದೋಳು ನೀನೊಬ್ಬಳೇ. ಬಾಟಲಿ ತುಂಬದೆ ಸುಮ್ನೆ ಕೂತಿದ್ರೆ ನೀರು ಹರ್ಕೊಂಡು ಹೋಗ್ತಿತ್ತು, ಯಾವನಿಗೂ ಗೊತ್ತಾಗ್ತಿರ್ಲಿಲ್ಲ. ಹೆತ್ತ ಮಗಳು ಅಂತ ಒಂದು ಗಳಿಗೆ ಕಣ್ಣು ಮುಚ್ಕೊಳಕ್ಕೆ ಆಗ್ಲಿಲ್ವಾ ನಿನಗೆ?”

ಸುಲಿಯೆನ್ ಕೈಯ ತೆನೆ ಮುಗಿಸಿ, ಬೆಂಡನ್ನು ಒಲೆಯ ರಾಶಿಗೆ ಎಸೆದಳು.

“ಮುಚ್ಕೊಂಡೆ. ದೀಪಾನೂ ಆರಿಸ್ದೆ. ಆದ್ರೆ ನಾಳೆ ಬೆಳಗ್ಗೆ ಅದೇ ನೀರು ಹೊರೋಳು ನಾನು. ನಿನ್ನ ಹಂದಿ ಉಚ್ಚೇಲಿ ಗಂಜಿ ಕಾಯ್ಸಲ್ಲ.”