ಮಗಳ ಲಾ ಓದು, ಎದುರುಪಾರ್ಟಿಯ ಕಾರು

ನ್ಯಾಯದ ಹಸಿವು ಮನುಷ್ಯಕುಲದಷ್ಟೇ ಹಳೆಯದು. ರಾಜ್ಯಗಳು ಎದ್ದದ್ದು, ಉರುಳಿದ್ದು ಎಲ್ಲವೂ ಅದರಿಂದಲೇ ಎಂದು ಬಲ್ಲವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಆ ಹಸಿವು ಆನೇಕಲ್ ಕೋರ್ಟಿನಲ್ಲಿ ವಾಯಿದೆ ಬಿದ್ದ ದಿನ ಮಾತ್ರ ಕೆರಳುತ್ತದೆ. ಆವತ್ತು ಚಿತ್ರಾನ್ನ ಕಟ್ಟಿಕೊಂಡು ಹೋಗುತ್ತೇವೆ.

ನಮ್ಮೂರು ಸರ್ಜಾಪುರದಿಂದ ಸ್ವಲ್ಪ ಆಚೆ. ಕೇಸು ನನ್ನ ಅಜ್ಜನ ಜಮೀನಿನ ಪಾಲಿನದು. ಒಂದು ಕಡೆ ನನ್ನ ಅಣ್ಣ ಮತ್ತು ನಾನು, ಇನ್ನೊಂದು ಕಡೆ ನಮ್ಮ ಚಿಕ್ಕಪ್ಪನ ಮಗ. ಅವನ ಮನೆ ನಮ್ಮ ಮನೆಗೆ ಕೂಗಳತೆಯಲ್ಲಿದೆ. ಕಾರು ಇರುವುದು ಅವನಿಗೊಬ್ಬನಿಗೇ. ಹಾಗಾಗಿ ವಾಯಿದೆಯ ದಿನ ವಾದಿ, ಪ್ರತಿವಾದಿ ಎಲ್ಲರೂ ಅವನ ಕಾರಿನಲ್ಲೇ ಆನೇಕಲ್ಲಿಗೆ ಹೋಗುತ್ತೇವೆ. ಅಲ್ಲಿ ಬೇರೆ ಬೇರೆ ಬೆಂಚುಗಳಲ್ಲಿ ಕೂತು, ಮುಂದಿನ ತಾರೀಖು ಪಡೆದು, ಒಂದೇ ಮರದ ಕೆಳಗೆ ಊಟ ಮಾಡಿ, ಅದೇ ಕಾರಿನಲ್ಲಿ ವಾಪಸಾಗುತ್ತೇವೆ. ಕಾರಿನೊಳಗೆ ಕೇಸಿನ ಮಾತೆತ್ತುವಂತಿಲ್ಲ ಎನ್ನುವುದೊಂದೇ ಷರತ್ತು. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಬಿಸಿಲಲ್ಲಿ ನಿಂತು, ಎರಡು ಬಸ್ಸು ಬದಲಾಯಿಸಿ ಆನೇಕಲ್ ಸೇರಿ ನೋಡಿದರೆ ಅವರಿಗೂ ಇದರ ಔಚಿತ್ಯ ಹೊಳೆದೀತು.

ಇಂಥ ಮನೆಯಲ್ಲಿ ಬೆಳೆದ ನನ್ನ ಮಗಳು ಪಿಯುಸಿ ಮುಗಿಸಿ, ಲಾ ಓದುತ್ತೇನೆ ಎಂದಾಗ ಯಾರೂ ಬೆಚ್ಚಿಬೀಳಲಿಲ್ಲ. ಮನೆಯಲ್ಲೇ ಇಷ್ಟೊಂದು ಕಚ್ಚಾಮಾಲು ಇರುವಾಗ ಆ ಯೋಚನೆ ಬರದಿದ್ದರೇ ಆಶ್ಚರ್ಯ. ತಕರಾರು ಎದ್ದದ್ದು ದಾರಿಯ ಬಗ್ಗೆ. ಪಿಯುಸಿ ಆದ ಕೂಡಲೇ ಬಿ.ಎ. ಮತ್ತು ಎಲ್‌ಎಲ್‌.ಬಿ. ಎರಡನ್ನೂ ಸೇರಿಸಿ ಐದು ವರ್ಷ ಓದಬಹುದು. ಇಲ್ಲವೇ ಮೊದಲು ಮೂರು ವರ್ಷ ಯಾವುದಾದರೂ ಡಿಗ್ರಿ ಮಾಡಿ, ಆಮೇಲೆ ಮೂರು ವರ್ಷ ಬರೀ ಲಾ ಓದಬಹುದು. ಮಗಳಿಗೆ ಬೇಕಾಗಿದ್ದು ಐದು ವರ್ಷದ್ದು. ಏಕೆಂದು ಕೇಳಿದರೆ, "ಒಂದು ವರ್ಷ ಉಳಿಯುತ್ತಲ್ಲಪ್ಪ" ಎನ್ನುತ್ತಿದ್ದಳು. ನಮ್ಮ ಕೇಸನ್ನು ಹುಟ್ಟಿದಾಗಿನಿಂದ ನೋಡಿದವಳಿಗೆ ಒಂದು ವರ್ಷ ಅಷ್ಟು ದೊಡ್ಡದಾಗಿ ಕಂಡಿದ್ದು ನನಗೆ ಸೋಜಿಗವೆನಿಸಿತು.

"ಒಂದು ವರ್ಷದ ಮಾತಲ್ಲ ಕಣ್ರೀ ಅದು," ಎಂದಳು ನನ್ನ ಹೆಂಡತಿ. "ಐದು ವರ್ಷದ್ದು ತಪ್ಪಿದ್ರೆ ಲಾನೇ ಕೈತಪ್ಪಿ ಹೋಗುತ್ತೆ ಅಂತ ಅವಳಿಗೆ ಹೆದರಿಕೆ. ರಾತ್ರಿಯೆಲ್ಲ ಹೊರಳಾಡ್ತಾಳೆ."

ಯಾಕೆ ಕೈತಪ್ಪುತ್ತದೆ ಎಂದು ಕೇಳಿದರೆ ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. "ನೀವೇ ಕೇಳಿ, ನಿಮ್ಮ ಮಗಳು ತಾನೇ" ಎಂದಳು. ಕಷ್ಟದ ಪ್ರಶ್ನೆ ಬಂದಾಗ ಮಗಳು ನನ್ನವಳಾಗುವುದು ಹಿಂದಿನಿಂದ ನಡೆದು ಬಂದ ರೂಢಿ.

ನಮ್ಮಲ್ಲಿ ಇಂಥವು ಭಾನುವಾರ ಮುದ್ದೆ ಊಟವಾದ ಮೇಲೆ ಅಣ್ಣನ ಮುಂದೆ ತೀರ್ಮಾನವಾಗಬೇಕು. ಅಪ್ಪ ತೀರಿಕೊಂಡ ಮೇಲೆ ಅಣ್ಣನೇ ಮನೆಯ ಹೈಕೋರ್ಟು. ಸರ್ಜಾಪುರದ ಕಡೆಯ ಐಟಿಯವರಿಗೆ ಮನೆಗಳನ್ನು ಬಾಡಿಗೆಗೆ ಕೊಟ್ಟು, ಉಳಿದ ಹೊತ್ತಿನಲ್ಲಿ ಕೇಸಿನ ಧ್ಯಾನ ಮಾಡುವುದು ಅವನ ಕಸುಬು. ಅವನು ಎಲೆಯಡಿಕೆ ಹಾಕಿಕೊಂಡು, ಗೋಡೆಗೊರಗಿ, ಮಗಳ ಅಹವಾಲನ್ನು ಕಣ್ಣು ಮುಚ್ಚಿ ಕೇಳಿದ.

"ಏನಂದೆ? ಎಲ್ಡೂ ಡಿಗ್ರಿ ಒಟ್ಗೇನಾ?"

"ಹೂಂ ದೊಡ್ಡಪ್ಪ, ಇಂಟಿಗ್ರೇಟೆಡ್."

"ಅಂದ್ರೆ ಜಂಟಿ."

"ಒಂಥರಾ ಹಂಗೇ."

"ಮಧ್ಯದಾಗೆ ಬುಟ್ಬುಟ್ರೆ ಒಂದು ಭಾಗನಾದ್ರೂ ಕೈಗೆ ಬತ್ತದಾ?"

ಮಗಳು ಸುಳ್ಳು ಹೇಳುವವಳಲ್ಲ. "ಇಲ್ಲ ದೊಡ್ಡಪ್ಪ. ಮಧ್ಯದಲ್ಲಿ ಬಿಟ್ರೆ ಬಿ.ಎ.ನೂ ಕೊಡಲ್ಲ."

ಅಣ್ಣ ಕಣ್ಣು ತೆರೆದ. "ಅಂಗಾದ್ರೆ ಬ್ಯಾಡ. ಜಂಟಿ ಖಾತೆ ಅನ್ನೋದು ನಮ್ಮ ವಂಸಕ್ಕೆ ಆಗಿಬಂದಿಲ್ಲ. ಅಜ್ಜಂದು ಜಂಟಿ ಇದ್ದಿದ್ಕೇ ಇವತ್ತಿಗೂ ಆನೇಕಲ್ ದಾರಿ ತುಳೀತಾ ಇದ್ದೀವಿ. ಮೊದ್ಲು ಒಂದು ಡಿಗ್ರಿ ನಿನ್ನೆಸ್ರಿಗೆ ಖಾತೆ ಆಗ್ಲಿ. ಆಮೇಲೆ ಇನ್ನೊಂದು."

ಜಮೀನಿನವರು ಜಗತ್ತಿನ ಯಾವ ವಸ್ತುವನ್ನು ಕಂಡರೂ ಮೊದಲು ಅದರ ಖಾತೆ, ಹದ್ದುಬಸ್ತು ವಿಚಾರಿಸುತ್ತಾರೆ. ಅಣ್ಣನ ವಾದ ನಗು ತರಿಸಿದರೂ ಅದರಲ್ಲಿ ಹುರುಳಿಲ್ಲ ಎನ್ನುವಂತಿರಲಿಲ್ಲ. ನನ್ನ ಮಟ್ಟಿಗೆ ನಾನೂ ಅವನ ಕಡೆಗೇ ವಾಲಿದ್ದೆ, ಬೇರೆ ಕಾರಣಕ್ಕೆ. ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಲೇತ್‌ನಿಂದ ಕಡೆದು ಇಳಿಸಿದ ಕಬ್ಬಿಣದ ಶಾಫ್ಟುಗಳನ್ನು ಅಳೆದು ಪಾಸು, ಫೇಲು ಮಾಡುವುದೇ ನನ್ನ ಜೀವಮಾನದ ಕೆಲಸವಾಗಿತ್ತು. ಕಬ್ಬಿಣವನ್ನು ಒಂದೇ ಸಲ ಬಿಗಿದು ಎರಡು ಕೆಲಸ ಮುಗಿಸಿದರೆ ಸಮಯ ಉಳಿಯುತ್ತದೆ, ನಿಜ. ಆದರೆ ಕೊನೆಯಲ್ಲಿ ಉಳಿ ಸ್ವಲ್ಪ ಜಾರಿದರೂ ಇಡೀ ಶಾಫ್ಟು ಗುಜರಿಗೆ. ಒಂದು ಕೆಲಸ ಮುಗಿಸಿ, ಅಳೆದು, ಪಾಸು ಮಾಡಿ, ಆಮೇಲೆ ಎರಡನೆಯದಕ್ಕೆ ಕೈಹಾಕುವುದು ಕ್ಷೇಮ. ಇದನ್ನು ನಾನು ಸಾಕಷ್ಟು ವಿವರವಾಗಿ, ಕೈಯಲ್ಲಿ ಲೋಟ ತಿರುಗಿಸಿ ತೋರಿಸಿ ವಿವರಿಸಿದೆ.

ಮಗಳು ಎಲ್ಲವನ್ನೂ ಕೇಳಿಸಿಕೊಂಡಳು. "ಅಪ್ಪಾ, ನಾನು ಜಮೀನೂ ಅಲ್ಲ, ಶಾಫ್ಟೂ ಅಲ್ಲ" ಎಂದು ಎದ್ದು ಹೋದಳು.

ಸಭೆ ಬರಖಾಸ್ತಾಯಿತು. ಕಾಲೇಜಿಗೆ ಸೇರಲು ಉಳಿದಿದ್ದು ಒಂದೇ ವಾರ. ಅಣ್ಣ ಬೇಡವೆಂದ ಮೇಲೆ ನಾನು ಒಬ್ಬನೇ ಹೋಗಿ ಸೇರಿಸಿ ಬರಬಹುದಿತ್ತು, ಕಾನೂನಿನಲ್ಲಿ ಅದಕ್ಕೆ ಅಡ್ಡಿಯೇನಿಲ್ಲ. ಒಂದೇ ಒಲೆಯ ಮನೆಯಲ್ಲಿ ಕಾನೂನು ಅಷ್ಟು ದೂರ ಬರುವುದಿಲ್ಲ.

ಆ ವಾರದ ಮಧ್ಯದಲ್ಲೇ ವಾಯಿದೆ ಇತ್ತು. "ಕೂಸನ್ನೂ ಕರ್ಕೊಂಡ್ ಬಾ," ಎಂದ ಅಣ್ಣ. "ಲಾಯರ್‌ಗಳನ್ನೇ ಕೇಳ್ಲಿ. ಅವ್ರು ಎಂಗೆ ಓದಿದ್ರೋ ಅಂಗೇ ಓದ್ಲಿ." ಅವನ ದೃಷ್ಟಿಯಲ್ಲಿ ಇದು ತಜ್ಞರ ಸಾಕ್ಷ್ಯ.

ಎದುರುಪಾರ್ಟಿಯಾದ ಚಿಕ್ಕಪ್ಪನ ಮಗ, ವರಸೆಯಲ್ಲಿ ನನಗೆ ತಮ್ಮ, ಬೆಳಿಗ್ಗೆಯೇ ಕಾರು ತಂದು ಹಾರನ್ ಹೊಡೆದ. ಮಗಳನ್ನು ಕಂಡು, "ಏನ್ ಮಗಾ, ನೀನೂ ಬಂದ್ಬಿಟ್ಯಾ? ನನ್ ಮೇಲೆ ಇನ್ನೊಬ್ಳು ಲಾಯರಾ?" ಎಂದ.

"ಇಲ್ಲ ಚಿಕ್ಕಪ್ಪ, ಇವತ್ತು ಬರೀ ನೋಡೋಕೆ."

"ನೋಡೋಕೇನೂ ಇಲ್ಲ ಕಣಮ್ಮ ಅಲ್ಲಿ. ಚಿತ್ರಾನ್ನ ಚೆನ್ನಾಗಿರ್ತದೆ, ಅಷ್ಟೇ."

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಕೇಸನ್ನು ಕೂಗಿದರು, ಎರಡೂ ಕಡೆಯ ಜೂನಿಯರ್ ವಕೀಲರು ಎದ್ದು ನಿಂತರು, ಇಬ್ಬರ ಸೀನಿಯರ್‌ಗಳೂ ಬೇರೆಲ್ಲೋ ಇದ್ದರು, ಮುಂದಿನ ತಾರೀಖು ಬಿತ್ತು. ನಾನು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ನ್ಯಾಯದಾನದ ಆ ದಿನದ ಕಂತು ಮುಗಿದಿತ್ತು.

ಹೊರಗೆ ಬಂದ ಮೇಲೆ ಅಣ್ಣ ಜೂನಿಯರ್‌ಗಳಿಬ್ಬರನ್ನೂ ಮರದಡಿಗೆ ಕರೆದ. ನಮ್ಮ ಕಡೆಯವರು ಚಿಕ್ಕ ವಯಸ್ಸಿನ ಒಬ್ಬ ಹೆಣ್ಣುಮಗಳು, ಐದು ವರ್ಷದ ಕೋರ್ಸು ಓದಿದವರು. ಎದುರು ಕಡೆಯವರು ಬಿ.ಕಾಂ. ಮಾಡಿ, ಆಮೇಲೆ ಮೂರು ವರ್ಷ ಲಾ ಓದಿದ ಯುವಕ. ಇಬ್ಬರೂ ತಮ್ಮ ತಮ್ಮ ದಾರಿಯನ್ನು ಹೊಗಳುತ್ತಾರೆ, ಅದನ್ನು ತೂಗಿ ನೋಡಿ ತೀರ್ಪು ಕೊಡಬಹುದು ಎಂಬುದು ಅಣ್ಣನ ಲೆಕ್ಕಾಚಾರ.

"ಡಿಗ್ರಿ ಮಾಡ್ಕೊಂಡೇ ಬಾರಮ್ಮ," ಎಂದರು ಐದು ವರ್ಷ ಓದಿದ ಮೇಡಂ. "ಹದಿನೆಂಟಕ್ಕೆ ಕಾಂಟ್ರಾಕ್ಟ್ ಲಾ ಓದಿದ್ರೆ ಏನ್ ತಲೆಗೆ ಹೋಗುತ್ತೆ? ನಾನು ಕೋಟು ಹಾಕ್ಕೊಂಡು ನಿಂತ್ರೆ ಕಕ್ಷಿದಾರರು ಬಂದು, 'ಲಾಯರ್ ಮೇಡಂ ಇನ್ನೂ ಬಂದಿಲ್ವಾಮ್ಮ' ಅಂತ ನನ್ನನ್ನೇ ಕೇಳ್ತಾರೆ."

ಆ ಕಕ್ಷಿದಾರರಲ್ಲಿ ಒಬ್ಬನಾದ ಅಣ್ಣ ಮರದ ಕೊಂಬೆಗಳನ್ನು ಪರೀಕ್ಷಿಸತೊಡಗಿದ.

"ಇವರ ಮಾತು ಕೇಳ್ಬೇಡ," ಎಂದ ಬಿ.ಕಾಂ. ಯುವಕ. "ಐದು ವರ್ಷದ್ದಕ್ಕೆ ಸೇರಿಬಿಡು. ನಾನು ಬಿ.ಕಾಂ. ಆದ್ಮೇಲೆ ಒಂದ್ ವರ್ಷ ಕೆಲಸ ಮಾಡೋಣ ಅಂತ ಎಲೆಕ್ಟ್ರಾನಿಕ್ ಸಿಟಿಗೆ ಹೋದೆ. ಸಂಬಳ, ಕ್ಯಾಬು, ಫ್ರೆಂಡ್ಸು. ಲಾ ಓದ್ಬೇಕು ಅನ್ನೋದೇ ಮರ್ತೋಗಿತ್ತು. ವಾಪಸ್ ಬರೋಷ್ಟರಲ್ಲಿ ಸಾಕುಸಾಕಾಯ್ತು. ಮಧ್ಯ ಒಂದು ಗ್ಯಾಪ್ ಬರುತ್ತೆ ನೋಡು, ಅದು ಡೇಂಜರ್."

ತಜ್ಞರು ತಮ್ಮ ತಮ್ಮ ವಿರುದ್ಧವೇ ಸಾಕ್ಷಿ ಹೇಳಿದ್ದರಿಂದ ಅಣ್ಣನಿಗೆ ಊಟ ರುಚಿಸಲಿಲ್ಲ. ಮಗಳು ಮಾತ್ರ ಯುವಕನ ಕೊನೆಯ ಮಾತಿಗೆ ತಲೆಯೆತ್ತಿ ನೋಡಿದ್ದನ್ನು ನಾನು ಗಮನಿಸಿದೆ.

ವಾಪಸು ಹೊರಟಾಗ ಕಾರು ಓಡಿಸುತ್ತಿದ್ದವನು ತಮ್ಮ, ಅಣ್ಣ ಅವನ ಪಕ್ಕದಲ್ಲಿ, ನಾನು ಮತ್ತು ಮಗಳು ಹಿಂದೆ. ಅತ್ತಿಬೆಲೆ ಕಡೆಯ ಲಾರಿಗಳ ಸಾಲಿನಲ್ಲಿ ಕಾರು ನಿಂತಿತು.

"ಏನ್ ತೀರ್ಮಾನ ಆಯ್ತು ಮಗಾ?" ಎಂದು ಕನ್ನಡಿಯಲ್ಲೇ ಅವಳನ್ನು ನೋಡುತ್ತ ತಮ್ಮ ಕೇಳಿದ.

"ಚಿಕ್ಕಪ್ಪಾ, ನಂಗೆ ಐದೋ ಆರೋ ಅನ್ನೋದಲ್ಲ. ಆ ಲಾಯರ್ ಹೇಳಿದ್ರಲ್ಲ, ಗ್ಯಾಪು, ಅದು ನಂಗೂ ಭಯ. ಅವ್ರಿಗೆ ಕೆಲಸ ಬಂತು. ನಂಗೆ ಮದುವೆ ಬರುತ್ತೆ."

ತಮ್ಮ ಕನ್ನಡಿಯಿಂದ ಕಣ್ಣು ತೆಗೆದು ಅಣ್ಣನ ಕಡೆ ನೋಡಿದ.

"ಅಕ್ಕಂಗೂ ಹಂಗೇ ಆಯ್ತಲ್ಲ," ಎಂದಳು ಮಗಳು. ಅಕ್ಕ ಎಂದರೆ ಅಣ್ಣನ ಮಗಳು. "ಡಿಗ್ರಿ ಆದ್ಮೇಲೆ ಲಾ ಓದ್ತೀನಿ ಅಂತಿದ್ಲು. ರಿಸಲ್ಟ್ ಬರೋದಕ್ಕೆ ಮುಂಚೆ ಲಗ್ನಪತ್ರಿಕೆ ಬಂತು."

"ಏನಾಗದೆ ಅವ್ಳಿಗೆ? ಹೊಸಕೋಟೆನಾಗೆ ರಾಣಿ ಇದ್ದಂಗವ್ಳೆ," ಎಂದ ಅಣ್ಣ.

"ಚೆನ್ನಾಗೇ ಇದ್ದಾಳೆ ದೊಡ್ಡಪ್ಪ. ಲಾ ಓದ್ಲಿಲ್ಲ, ಅಷ್ಟೇ."

ತಮ್ಮನಿಗೆ ಹುರುಪು ಬಂತು. ಅಣ್ಣನನ್ನು ಪಾಟೀಸವಾಲಿಗೆ ಎಳೆಯುವ ಅವಕಾಶ ಕೋರ್ಟಿನಲ್ಲಿ ಅವನಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. "ಅಂಗಾದ್ರೆ ಒಂದ್ ಕೆಲ್ಸ ಮಾಡಣ್ಣ. ಡಿಗ್ರಿ ಆದ್ಮೇಲೆ ಲಾ ಮುಗಿಯೋಗಂಟ ಕೂಸಿಗೆ ಗಂಡು ನೋಡಲ್ಲ ಅಂತ ಬರ್ದು ಸೈನ್ ಹಾಕ್ಕೊಡು."

"ನಾನು ಸೈನ್ ಹಾಕೋನಾ?"

ಇದು ಊರಿಗೇ ಗೊತ್ತಿರುವ ಸಂಗತಿ. ಅಜ್ಜ ಆ ಜಂಟಿ ಖಾತೆಯ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದರಿಂದಲೇ ನಮ್ಮ ಕೇಸು ಹುಟ್ಟಿದ್ದು ಎಂಬುದು ಅಣ್ಣನ ದೃಢ ನಂಬಿಕೆ. ಅಂದಿನಿಂದ ಅವನು ಕೋರ್ಟಿಗೆ ಬಿಟ್ಟರೆ ಬೇರೆಲ್ಲೂ ಸಹಿ ಹಾಕುವುದಿಲ್ಲ. ಬಾಡಿಗೆ ಕರಾರುಗಳಿಗೂ ನನ್ನಿಂದಲೇ ಸಹಿ ಹಾಕಿಸುತ್ತಾನೆ, ಕೊರಿಯರಿನವನು ಬಂದರೂ ನನ್ನ ಹೆಂಡತಿಯನ್ನು ಕೂಗುತ್ತಾನೆ.

"ಸೈನ್ ಬೇಡ ದೊಡ್ಡಪ್ಪ," ಎಂದಳು ಮಗಳು. "ಬಾಯಲ್ಲಿ ಹೇಳಿ, ಸಾಕು. ನಾನು ಬಿ.ಎ.ಗೇ ಸೇರ್ತೀನಿ."

ಸಹಿ ಹಾಕದ ಮನುಷ್ಯನಿಗೆ ಬಾಯಿಮಾತು ಎಷ್ಟು ಭಾರವೆಂದು ಸಹಿ ಹಾಕುವ ನಮಗೆ ತಿಳಿಯುವುದಿಲ್ಲ. ಅಣ್ಣ ಕೊಟ್ಟ ಮಾತು ತಪ್ಪಿದ್ದನ್ನು ನಾನು ಕಂಡಿಲ್ಲ. ಈಗ ಅವನು ಮುಖ ತಿರುಗಿಸಿ ಲಾರಿಗಳನ್ನು ಎಣಿಸತೊಡಗಿದ. ಕಿವಿ ಕೆಂಪಾಗಿತ್ತು.

"ಅಂಗೆ ಮಾತು ಕೊಡಕ್ಕಾಗಲ್ಲ ಕಣಮ್ಮ," ಎಂದ ಕೊನೆಗೆ. "ಆಗ್ಲೇ ಒಂದು ಕಡೆ ಮಾತು ಕೊಟ್ಬುಟ್ಟಿವ್ನಿ. ಒಳ್ಳೇ ಜನ, ಕೇಳಿದ್ರು. ಕೂಸಿನ ಡಿಗ್ರಿ ಮುಗೀಲಿ, ಮುಗಿದ ತಕ್ಷಣ ಕೂತು ಮಾತಾಡಣ ಅಂದಿವ್ನಿ."

ನನ್ನ ಮಗಳಿಗೆ ಗಂಡು ಗೊತ್ತಾಗುತ್ತಿದ್ದ ವಿಷಯ ನನಗೆ ಎದುರುಪಾರ್ಟಿಯ ಕಾರಿನಲ್ಲಿ ಹೀಗೆ ತಿಳಿದುಬಂತು. ಕೋಪ ಮಾಡಿಕೊಳ್ಳಬೇಕೆಂದು ನಾನು ಗಂಟಲು ಸರಿಮಾಡಿಕೊಂಡೆ. ಆದರೆ ಮಗಳು ಮುಂದಿನ ಸೀಟಿನ ಬೆನ್ನು ಹಿಡಿದು ಆಗಲೇ ಮುಂದಕ್ಕೆ ಬಾಗಿದ್ದಳು.

"ಏನಂತ ಹೇಳಿದ್ರಿ ದೊಡ್ಡಪ್ಪ? ಡಿಗ್ರಿ ಮುಗಿದ ತಕ್ಷಣ ಅಂತಾನಾ? ಅಷ್ಟೇನಾ? ವರ್ಷ ಏನಾದ್ರೂ ಹೇಳಿದ್ರಾ?"

"ವರ್ಸ ಯಾಕೇಳ್ಲಿ? ಡಿಗ್ರಿ ಮುಗೀಲಿ ಅಂದೆ."

"ಐದು ವರ್ಷದ್ದಕ್ಕೆ ಸೇರಿದ್ರೆ ನನ್ನ ಡಿಗ್ರಿ ಮೂರು ವರ್ಷಕ್ಕೆ ಮುಗಿಯಲ್ಲ. ಎರಡೂ ಒಟ್ಟಿಗೇ ಮುಗಿಯೋದು. ಅಲ್ಲೀವರೆಗೆ ಅವರು ಬಂದು ಕೇಳೋ ಹಂಗೂ ಇಲ್ಲ, ನೀವು ಮಾತು ತಪ್ಪಿದ ಹಂಗೂ ಆಗಲ್ಲ."

ಲಾರಿಗಳ ಸಾಲು ಒಂದಿಷ್ಟು ಮುಂದೆ ಸರಿಯಿತು. ಮನಸ್ಸಿನಲ್ಲೇ ಅಣ್ಣ ತನ್ನ ಮಾತಿನ ನಾಲ್ಕೂ ದಿಕ್ಕಿನ ಚಕ್ಕುಬಂದಿ ನೋಡಿ ಬಂದನೆಂದು ತೋರುತ್ತದೆ.

"ಮಧ್ಯದಾಗೆ ಬಿಡಂಗಿಲ್ಲ," ಎಂದ.

"ಬಿಡಲ್ಲ."

"ಬುಟ್ರೆ ಎಲ್ಡೂ ಹೋಯ್ತದೆ."

"ಗೊತ್ತು ದೊಡ್ಡಪ್ಪ."

"ಅಂಗಾದ್ರೆ ಜಂಟಿನೇ ಆಗ್ಲಿ." ಆಮೇಲೆ ನನ್ನ ಕಡೆ ತಿರುಗಿ, "ನೀನ್ಯಾಕೋ ಸುಮ್ಕೆ ಕುಂತಿದ್ದೀಯ? ನಿನ್ ಮಗ್ಳು ತಾನೆ?" ಎಂದು ಗದರಿದ.

ನಾನು ಒಪ್ಪಿಗೆ ಎಂದೆ. ಶಾಫ್ಟಿನ ವಾದವನ್ನು ಮತ್ತೆ ಎತ್ತಲು ಇದು ಸಮಯವಲ್ಲವೆನಿಸಿತು. ಸ್ಟೀರಿಂಗ್ ಮೇಲೆ ತಾಳ ಹಾಕುತ್ತ ತಮ್ಮ, "ಅಣ್ಣಾ, ಮುಂದೆ ನನ್ ಕಡೆಯಿಂದ ಈ ಕೂಸನ್ನೇ ಲಾಯರ್ ಮಾಡ್ಕೊತೀನಿ ಕಣಣ್ಣ," ಎಂದ. ಕಾರಿನಲ್ಲಿ ಕೇಸಿನ ಮಾತೆತ್ತಿದ್ದಕ್ಕೆ ಅಣ್ಣ ಅವನನ್ನು ಊರು ಬರುವ ತನಕ ಬೈದ. ಮಗಳು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು.

ಮನೆಗೆ ಬಂದ ಮೇಲೆ ಅಣ್ಣ ನನ್ನ ಹೆಂಡತಿಯನ್ನು ಕರೆದು, ಐದು ವರ್ಷದ ಕೋರ್ಸಿನ ಗುಣಗಳನ್ನು ವಿವರವಾಗಿ ತಿಳಿಸಿಕೊಟ್ಟ. ಹೆಣ್ಣುಮಕ್ಕಳ ಓದು ನಡುವೆ ಕಡಿಯಬಾರದು, ಒಂದೇ ಏಟಿಗೆ ಆಗಿಬಿಡಬೇಕು ಎಂದ. ಅವಳು, "ಹೌದಾ ಭಾವ" ಎಂದು ಮೊದಲ ಬಾರಿ ಕೇಳುವವಳಂತೆ ಕೇಳಿಸಿಕೊಂಡು, ಕಾಫಿ ಕೊಟ್ಟಳು.

ಶನಿವಾರ ಮಗಳು ಐದು ವರ್ಷದ ಬಿ.ಎ. ಎಲ್‌ಎಲ್‌.ಬಿ.ಗೆ ಸೇರಿದಳು. ಈಗ ನಾಲ್ಕನೆಯ ವರ್ಷದಲ್ಲಿ ಓದುತ್ತಿದ್ದಾಳೆ.